ತಟ್ಟೆಯ ತುದಿ

ಅದು ೨೦೦೮. ಕಬ್ಬಿನ ಸಿಪ್ಪೆಯಿಂದ ಮಾಡಿದ, ಮಣ್ಣಿಗೆ ಹಾಕಿದರೆ ಗೊಬ್ಬರವಾಗುವ ತಟ್ಟೆಗಳನ್ನು ಚೀನಾದಿಂದ ತರಿಸಿ ಕಾರವಾರದಲ್ಲಿ ಮಾರುತ್ತಿದ್ದೆ. ಅಂಕೋಲೆಯಲ್ಲಿ ರಾಮಾಕಾಕಾನ ಕಿರಿ ಮಗಳ ಮದುವೆಗೂ ನನ್ನವೇ ತಟ್ಟೆಗಳು. ಮೊದಲ ಪಂಕ್ತಿಗೆ ಬೀಗರು ಕೂತರು. ಉಪ್ಪು ಬಡಿಸಲು ಬಗ್ಗಿದವನು ಹಾಗೇ ನಿಂತುಬಿಟ್ಟ. ಬಾಳೆಎಲೆಯಾದರೆ ತುದಿ ಎಡಕ್ಕೆ, ಉಪ್ಪು ಆ ತುದಿಗೆ. ನನ್ನ ತಟ್ಟೆಯೋ ದುಂಡಗೆ.

"ಚಂಪಾ, ಇದರ ತುದಿ ಎಲ್ಲದೆ ಮಾರಾಯ್ತಿ?" ಕಾಕಾ ಎಲ್ಲರೆದುರೇ ಕೂಗಿದರು. "ಉಪ್ಪು ಎಲ್ಲಿ ಹಾಕೂದು? ಪರದೇಶದ್ದು ತಂದು ಶಾಸ್ತ್ರ ಕೆಡಿಸ್ದೆ ನೀನು!"

ಬೀಗರು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಉಪ್ಪಿನ ಪಾತ್ರೆ ಕಸಿದುಕೊಂಡು ಪ್ರತಿ ತಟ್ಟೆಯ ಎಡಬದಿಗೂ ನಾನೇ ಬಡಿಸುತ್ತ ಹೋದೆ. ಸಾಲಿನ ಕೊನೆ ಮುಟ್ಟಿದಾಗ ಅಲ್ಲಿ ನಿಂತಿದ್ದ ಕಾಕಾನ ಎದುರಿಗೇ ಇದ್ದೆ.

"ಹೋದ ವರ್ಷ ದೊಡ್ಡ ಮಗಳ ಮದುವೇಲಿ ಥರ್ಮಾಕೋಲ್ ತಟ್ಟೇಲಿ ಊಟ ಹಾಕಿದ್ರಲ್ಲ ಕಾಕಾ, ಅದರ ತುದಿ ಎಲ್ಲಿತ್ತು?"

ಉಪ್ಪಿನ ಪಾತ್ರೆಯನ್ನು ಕಾಕಾನ ಕೈಗೇ ಕೊಟ್ಟೆ.

"ಮರ್ತಿದ್ರೆ ಹಿತ್ತಲ ಹಳ್ಳಕ್ಕೆ ಹೋಗಿ ನೋಡಿ. ಎಸೆದ ತಟ್ಟೆ ಒಂದೂ ಕರಗ್ಲಿಲ್ಲ, ಎಲ್ಲಾ ಅಲ್ಲೇ ಬಿದ್ಕಂಡದೆ. ತುದಿ ಸಿಕ್ರೆ ನನಗೂ ತೋರ್ಸಿ!"