ಹುರಿಯಬಾರದ ರಾಗಿ

ನಮ್ಮ ನಾದಿನಿ ಶೋಭಾರಾಣಿಯವರ ಕೈಗೆ ಒಂದು ಬಾಣಲೆ ಸಿಕ್ಕರೆ ಸಾಕು, ಊರಿನ ಧಾನ್ಯವನ್ನೆಲ್ಲ ಹುರಿದುಬಿಡುತ್ತಾರೆ. ಗೋವಿಂದರಾಜನಗರದ ಮನೆಯಲ್ಲಿ ಅವರು ಮಾಡಿ ಮಾರುವ ರಾಗಿ ಮಾಲ್ಟ್ ಪುಡಿಗೆ ಆ ಬೀದಿಯಲ್ಲಿ ಒಳ್ಳೆಯ ಹೆಸರಿದೆ. ಇರಲಿ, ನನಗೇನೂ ಹೊಟ್ಟೆಕಿಚ್ಚಿಲ್ಲ. ಆದರೆ ನನ್ನ ಮನೆಯ ತಾರಸಿಯಲ್ಲಿ ಒಣಗುತ್ತಿದ್ದ ಮೊಳಕೆ ರಾಗಿಯನ್ನು ಯಾರನ್ನು ಕೇಳಿ ಹುರಿದರು ಎಂಬುದಷ್ಟೇ ನನ್ನ ಪ್ರಶ್ನೆ.

ಆ ರಾಗಿ ನಮ್ಮ ಮಾವನಿಗೆ ಎಂದು ಇಟ್ಟದ್ದು. ಮಾವ ಬೈರಪ್ಪನವರು ಬ್ಯಾಡರಹಳ್ಳಿ ಇನ್ನೂ ಹಳ್ಳಿಯೇ ಆಗಿದ್ದಾಗ ಇಲ್ಲಿ ಹೊಲ ಉತ್ತವರು. ಈಗ ಆ ಹೊಲದಲ್ಲಿ ಬಾಡಿಗೆ ಮನೆಗಳೆದ್ದಿವೆ, ಅವರ ನಾಲಿಗೆ ಮಾತ್ರ ಹೊಲದಲ್ಲೇ ಉಳಿದಿದೆ. ಬೆಳಿಗ್ಗೆ ಮುದ್ದೆ, ರಾತ್ರಿ ಮುದ್ದೆ. ಅನ್ನವನ್ನು ಅವರು ಊಟವೆಂದು ಒಪ್ಪಿಕೊಂಡದ್ದೇ ಇಲ್ಲ. ಅಂಥವರಿಗೆ ಹೋದ ವರ್ಷ ಅನ್ನನಾಳದಲ್ಲಿ ಗಡ್ಡೆಯಾಯಿತು. ರೇಡಿಯೇಷನ್ ಕರೆಂಟ್ ಕೊಟ್ಟು ಗಡ್ಡೆ ಕರಗಿಸಿದರು, ಆದರೆ ನಾಳ ಕಿರಿದಾಯಿತು. ನೀರಿನಂಥದ್ದು ಮಾತ್ರ ಇಳಿಯುತ್ತದೆ, ಉಳಿದದ್ದೆಲ್ಲ ವಾಪಸ್ಸು ಬರುತ್ತದೆ. ಮೈ ಇಳಿದು ಅಂಗಿಯೆಲ್ಲ ಜೋಲಾಡತೊಡಗಿತು. ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದರು: ಮುಂದಿನ ಸಲ ಬರುವಷ್ಟರಲ್ಲಿ ತೂಕ ಏರದಿದ್ದರೆ ಮೂಗಿನಿಂದ ಟ್ಯೂಬ್ ಹಾಕಿ ಊಟ ಕೊಡಬೇಕು.

"ಮೂಗುದಾರ ಹಾಕಿಸ್ಕೊಳ್ಳೋಕೆ ನಾನೇನು ಎತ್ತಾ?" ಎಂದು ಮಾವ ಕಾರಿನಲ್ಲಿ ಒಂದೇ ಮಾತು ಆಡಿ ಕಿಟಕಿಯ ಕಡೆ ತಿರುಗಿದರು. ಅವರು ಹೆದರಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಗಂಜಿಯನ್ನು ತೆಳ್ಳಗೆ ಮಾಡಿದರೆ ಅದರಲ್ಲಿ ಸತ್ವವಿಲ್ಲ. ಹಿಟ್ಟು ಹೆಚ್ಚಿಸಿದರೆ ಗಟ್ಟಿಯಾಗಿ ಸಿಕ್ಕಿಕೊಳ್ಳುತ್ತದೆ. ಅತ್ತ ದರಿ, ಇತ್ತ ಪುಲಿ. ಆಸ್ಪತ್ರೆಯಲ್ಲಿ ಪಥ್ಯ ಹೇಳುವ ಪ್ರಭಾ ಮೇಡಂ ಇದಕ್ಕೆ ದಾರಿ ತೋರಿಸಿದ್ದರು. "ಮೊಳಕೆ ಬಂದ ರಾಗಿಯಲ್ಲಿ ಎಂಜೈಮ್ ಇರುತ್ತೆ, ಕುಸುಮಾ ಅವರೇ. ಗಟ್ಟಿ ಹಿಟ್ಟಿನ ಅಂಟನ್ನ ಅದು ಒಡೆದು ತೆಳ್ಳಗೆ ಮಾಡುತ್ತೆ. ಬಿಸಿಲಲ್ಲಿ ಒಣಗಿಸಿ ಬೀಸಿಟ್ಕೊಳ್ಳಿ. ಗಟ್ಟಿಯಾಗಿ ಬೇಯಿಸಿ ಇಳಿಸಿ, ಸ್ವಲ್ಪ ಆರಿದ ಮೇಲೆ ಒಂದು ಚಮಚ ಬೆರೆಸಿ. ತೆಳ್ಳಗಾದ್ಮೇಲೆ ಒಂದು ಕುದಿ ಕೊಡಿ. ರಾಗೀನಾಗ್ಲಿ ಹಿಟ್ಟನ್ನಾಗ್ಲಿ ಮೊದಲೇ ಹುರೀಬೇಡಿ. ಹುರಿದ್ರೆ ಎಂಜೈಮ್ ಸತ್ತೋಗುತ್ತೆ."

ಇಷ್ಟೇ ಮಾತು. ಇದನ್ನೇ ಶೋಭಕ್ಕನಿಗೆ ಫೋನಿನಲ್ಲಿ ಅಕ್ಷರ ಬಿಡದೆ ಹೇಳಿದೆ. "ಆಯ್ತು ಕಣೇ" ಅಂದರು. ನಾನು ಮೂಡಲಪಾಳ್ಯದಲ್ಲಿ ಗೃಹಪ್ರವೇಶಕ್ಕೆ ಹೋಗಿ ಬರುವಷ್ಟರಲ್ಲಿ ಅಪ್ಪನನ್ನು ನೋಡಲು ಬಂದವರು ತಾರಸಿ ಹತ್ತಿ, ರಾಗಿ ಇಳಿಸಿ, ಹುರಿದು, ಮಿಲ್ಲಿಗೂ ಹಾಕಿಸಿ, ಡಬ್ಬಿ ತುಂಬಿಸಿ ಇಟ್ಟಿದ್ದರು. ಮನೆಯೆಲ್ಲ ಘಮಘಮ. ನನಗೆ ಅಳು ಬಂತು.

"ಹುರೀಬೇಡಿ ಅಂದಿದ್ನಲ್ಲ ಅಕ್ಕ."

"ಹುರೀದಿದ್ರೆ ಹಸಿ ವಾಸ್ನೆ ಕಣೇ. ಅಪ್ಪ ಬಾಯಿಗಿಡಲ್ಲ. ಇಷ್ಟು ವರ್ಷ ಮಾಲ್ಟ್ ಮಾಡಿದೀನಿ, ನಂಗೊತ್ತಿಲ್ವಾ?"

ನಮ್ಮ ಯಜಮಾನರು ಮಹದೇವ್ ಟೀವಿಯಿಂದ ಕಣ್ಣು ತೆಗೆಯದೆ, "ಒಳ್ಳೇದಕ್ಕೇ ಮಾಡಿದ್ದು ಬಿಡು" ಅಂದರು. ಈ ಮನೆಯಲ್ಲಿ ಎಲ್ಲರೂ ಒಳ್ಳೆಯದಕ್ಕೇ ಮಾಡುತ್ತಾರೆ, ಅದನ್ನು ತೊಳೆಯುವುದು ಮಾತ್ರ ನಾನು. ಆ ಪುಡಿಯನ್ನು ಗಂಜಿಗೆ ಹಾಕಿದರೆ ಅದು ಇನ್ನಷ್ಟು ಗಟ್ಟಿಯಾಯಿತೇ ಹೊರತು ಒಂದಿಷ್ಟೂ ಸಡಿಲಲಿಲ್ಲ. ಮಾವ ಎರಡು ಗುಟುಕು ಕುಡಿದು ಕೆಮ್ಮಿದರು. ಕಣ್ಣಲ್ಲಿ ನೀರು ತುಂಬಿತು. ಲೋಟ ದೂರ ತಳ್ಳಿದರು.

ಮತ್ತೆ ರಾಗಿ ನೆನೆಸಿದೆ, ಬಟ್ಟೆಯಲ್ಲಿ ಕಟ್ಟಿದೆ, ಮೊಳಕೆ ಬರಿಸಿದೆ. ಈ ಸಲ ತಾರಸಿಯ ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಹಿಟ್ಟು ತಯಾರಾಯಿತು. ಆಗ ಮಾವ ಹಟ ಹಿಡಿದರು.

"ಗಂಜಿ ಒಲ್ಲೆ. ಮೂರು ಹೊತ್ತೂ ಗಂಜಿ ಕುಡಿಯೋಕೆ ನಾನೇನು ಹಾಲು ಕುಡಿಯೋ ಕೂಸಾ? ಉಂಡ್ರೆ ಮುದ್ದೆ ಉಣ್ತೀನಿ. ಇಲ್ದಿದ್ರೆ ಬೇಡ."

ಶೋಭಕ್ಕ ಅಂದು ಇಲ್ಲೇ ಇದ್ದರು. "ಹೇಳಿದ್ದು ಕೇಳಪ್ಪಾ" ಎಂದು ಗೋಗರೆದರು. ಮಹದೇವ್ ಬುದ್ಧಿ ಹೇಳಲು ಹೋಗಿ ಬೈಸಿಕೊಂಡು ಬಂದರು. ನನಗೆ ತಲೆ ಕೆಟ್ಟುಹೋಯಿತು. ಎಲ್ಲರಿಗೂ ಮಾಡಿದ್ದ ಮುದ್ದೆಯಲ್ಲಿ ಒಂದನ್ನು ಹಬೆಯಾಡುತ್ತಿರುವಾಗಲೇ ತಟ್ಟೆಗೆ ಹಾಕಿ, ಬಸ್ಸಾರು ಸುರಿದು, ಅವರ ಮುಂದೆ ಠಪ್ಪನೆ ಇಟ್ಟೆ.

"ತಗೊಳ್ಳಿ ಮಾವ. ಉಣ್ಣಿ."

ಮಾವ ತಟ್ಟೆಯನ್ನು ಹತ್ತಿರ ಎಳೆದುಕೊಂಡರು. ಮುದ್ದೆಯ ಮೇಲೆ ಅಂಗೈಯಿಟ್ಟು ಬಿಸಿ ನೋಡಿದರು. ಒಂದು ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ ಬಾಯಿಗಿಟ್ಟರು. ಬಾಯಲ್ಲೇ ಬಹಳ ಹೊತ್ತು ಇಟ್ಟುಕೊಂಡರು. ನುಂಗುವ ಧೈರ್ಯ ಬರಲಿಲ್ಲ. ತಲೆ ತಗ್ಗಿಸಿ ತಟ್ಟೆಯ ಅಂಚಿಗೆ ಉಗುಳಿದರು. ಠಪ್ಪನೆ ಇಟ್ಟ ನನ್ನ ಕೈಯ ಮೇಲೆ ನನಗೇ ಸಿಟ್ಟು ಬಂತು.

ಉಗುಳಿದ್ದನ್ನು ತೆಗೆದು, ಅದೇ ಮುದ್ದೆಯನ್ನು ಪಾತ್ರೆಗೆ ಹಾಕಿದೆ. ಬಿಸಿನೀರು ಚಿಮುಕಿಸಿ ಮಸೆದೆ, ಮೊಳಕೆ ಹಿಟ್ಟು ಒಂದು ಚಮಚ ಉದುರಿಸಿ ಅವರೆದುರೇ ಕೂತು ತಿರುವತೊಡಗಿದೆ. ಮೊದಲು ಏನೂ ಆಗಲಿಲ್ಲ. ಪ್ರಭಾ ಮೇಡಂರನ್ನೂ ಸೇರಿಸಿ ಎಲ್ಲರನ್ನೂ ಮನಸ್ಸಲ್ಲೇ ಬೈದೆ. ಆಮೇಲೆ ಸೌಟು ಹಗುರಾಯಿತು. ಮುದ್ದೆ ಸಡಿಲಿತು, ಜಾರಿತು, ನೋಡನೋಡುತ್ತ ಪಾಯಸದ ಹಾಗೆ ಸೌಟಿನಿಂದ ಸುರಿಯಿತು. ಒಂದು ಕುದಿ ಕೊಟ್ಟು, ಸಾರಿನ ತಿಳಿ ಬೆರೆಸಿ ಲೋಟಕ್ಕೆ ಬಗ್ಗಿಸಿದೆ.

"ಮುದ್ದೆ ಎಲ್ಲಿ ಹೋಯ್ತು?" ಮಾವ ಪಾತ್ರೆಯೊಳಗೆ ಇಣುಕಿ ಕೇಳಿದರು.

"ಎಲ್ಲೂ ಹೋಗಿಲ್ಲ ಮಾವ. ನೀವು ಮುಟ್ಟಿದ್ದೇ ಮುದ್ದೆ ಇದು. ನಿಮ್ಮ ಕಣ್ಣೆದುರೇ ಇದೆಯಲ್ಲ."

ನಿಧಾನಕ್ಕೆ ಕುಡಿದರು. ಇಡೀ ಮುದ್ದೆ ಪೂರ್ತಿ ಇಳಿಯಿತು. ಶೋಭಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, "ಹುರಿದಿದ್ರೆ ಇನ್ನೂ ಘಮ್ಮಂತಿತ್ತು" ಅಂದರು. ನಾನು ಪಾತ್ರೆ ಎತ್ತಿಕೊಂಡು ತೊಳೆಯಲು ಹೋದೆ, ಅಲ್ಲೇ ನಿಂತಿದ್ದರೆ ಅವತ್ತು ನೆಂಟಸ್ತನ ಉಳಿಯುತ್ತಿರಲಿಲ್ಲ.

ಅಂದಿನಿಂದ ಅದೇ ನಡೆಯಿತು. ಸುಮ್ಮನೆ ಗಂಜಿಯನ್ನೇ ಮಾಡಿದರೆ ಕೆಲಸ ಅರ್ಧ, ಆದರೆ ಕೇಳುವವರು ಯಾರು? ಮೊದಲು ಗುಂಡಗೆ ಮುದ್ದೆ ಕಟ್ಟಬೇಕು, ತಟ್ಟೆಯಲ್ಲಿ ಅವರ ಮುಂದಿಡಬೇಕು, ಅವರು ಮುಟ್ಟಿ ಹೂಂ ಅನ್ನಬೇಕು, ಆಮೇಲೆ ಕರಗಿಸಬೇಕು. ಎರಡು ಹೊತ್ತೂ ಗೊಣಗಿಕೊಂಡೇ ಮಾಡಿದೆ.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಮಾವನ ತೂಕ ಏರಿತ್ತು. ಡಾಕ್ಟರು ಇನ್ನೊಮ್ಮೆ ತೂಗಿಸಿದರು. ಟ್ಯೂಬ್ ಸದ್ಯಕ್ಕೆ ಬೇಡ ಎಂದು ಬರೆಯುತ್ತ, "ಏನು ಊಟ ಮಾಡ್ತಿದೀರಾ ಯಜಮಾನ್ರೇ?" ಎಂದರು.

"ಎರಡು ಹೊತ್ತೂ ಮುದ್ದೆ, ಸಾರ್" ಅಂದರು ಮಾವ.

ಡಾಕ್ಟರ ಪೆನ್ನು ನಿಂತಿತು. ನನ್ನ ಕಡೆ ತಿರುಗಿದರು. "ಏನಮ್ಮ, ಈ ಗಂಟಲಿಗೆ ಮುದ್ದೆ ಕೊಡ್ತಿದೀರಾ? ಸಿಕ್ಕಿಕೊಂಡ್ರೆ ಜೀವ ಹೋಗುತ್ತೆ. ಅಷ್ಟೂ ಗೊತ್ತಾಗಲ್ವಾ?"

ಮೊಳಕೆ, ಎಂಜೈಮ್, ತೆಳ್ಳಗಾಗುವುದು, ಎಲ್ಲ ನಾಲಿಗೆಯ ತುದಿಗೆ ಬಂತು. ಮಾವ ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತು ನನ್ನನ್ನೇ ನೋಡುತ್ತಿದ್ದರು.

"ಹೌದು ಸಾರ್" ಅಂದೆ. "ಮುದ್ದೆನೇ ಉಣ್ತಾರೆ."