ಮ್ಯಾನೇಜರಮ್ಮನ ಗಂಡ ಬದಲಿಸಿದ ಪಾಸ್‌ವರ್ಡ್

ಸೋಮವಾರ ಬೆಳಿಗ್ಗೆ ಹಲ್ಲಿನ ಕಾರ್ಖಾನೆಯ ಕಂಪ್ಯೂಟರುಗಳೆಲ್ಲ ಒಂದೇ ಹಟ ಹಿಡಿದು ಕೂತಿದ್ದವು: ಪಾಸ್‌ವರ್ಡ್ ತಪ್ಪು. ಹಲ್ಲಿನ ಕಾರ್ಖಾನೆಯೆಂದರೆ ದಂತವೈದ್ಯರು ಕಳಿಸುವ ಬಾಯಿಯ ಚಿತ್ರ ನೋಡಿ ಕೃತಕ ಹಲ್ಲು ಕೊರೆದುಕೊಡುವ ಜಾಗ. ಚಿತ್ರ ಬರುವುದು ಕಂಪ್ಯೂಟರಿಗೆ, ಅಲ್ಲಿಂದ ಕೊರೆಯುವ ಯಂತ್ರಕ್ಕೆ ಹೋಗುವುದು ತಂತಿಯಲ್ಲಿ. ಆ ತಂತಿಗಳೆಲ್ಲ ಬಂದು ಸೇರುವ ಪೆಟ್ಟಿಗೆಯೊಂದು ಮುನಿಸಿಕೊಂಡರೆ ಊರಿನ ಅರ್ಧ ಬಾಯಿಗಳು ಬೋಳಾಗಿ ಕಾಯಬೇಕು. ಅದನ್ನು ನೋಡಿಕೊಳ್ಳುತ್ತಿದ್ದ, ಶುಕ್ರವಾರ ಸಂಜೆ ಕೆಲಸ ಬಿಟ್ಟು ಹೋದ ವೈರಣ್ಣ, ಹೋಗುವ ಮುನ್ನ ಆ ಪೆಟ್ಟಿಗೆಯ ಪಾಸ್‌ವರ್ಡ್ ಬದಲಾಯಿಸಿದ್ದ.

ಬೇರೆ ಯಾರಾದರೂ ಆಗಿದ್ದರೆ ಮ್ಯಾನೇಜರಮ್ಮ ಅವರ ಜನ್ಮ ಜಾಲಾಡಿಬಿಡುತ್ತಿದ್ದಳು. ತೊಂದರೆಯೆಂದರೆ ವೈರಣ್ಣ ಅವಳ ಗಂಡ.

ಮಾಲೀಕರು ಅವಳನ್ನು ಕೋಣೆಗೆ ಕರೆದು ಟೈಪು ಮಾಡಿದ ಕಾಗದವೊಂದನ್ನು ಮುಂದೆ ಸರಿಸಿದರು.

"ನೋಡಿಮ್ಮಾ, ಇದು ಪೊಲೀಸ್ ದೂರು. ಮ್ಯಾನೇಜರ್ ಸಹಿ ಬೇಕು. ಅಂದ್ರೆ ನಿಮ್ದು. ಸಂಜೆಯೊಳಗೆ ಪಾಸ್‌ವರ್ಡ್ ತನ್ನಿ, ಇಲ್ಲಾಂದ್ರೆ ಸಹಿ ಹಾಕಿ."

"ಅವರು ನನ್ನ ಯಜಮಾನರು, ಸಾರ್."

"ಅದು ಮನೇಲಿ. ಇಲ್ಲಿ ಕೆಲಸ ಬಿಟ್ಟ ನೌಕರ." ಹಲ್ಲು ಕೀಳುವ ಮುಂಚೆ ಡಾಕ್ಟರು ಮಾತಾಡುವಷ್ಟು ಮೃದುವಾಗಿ ಹೇಳಿದರು.

ಕೆಲಸ ಬಿಟ್ಟದ್ದಕ್ಕೆ ಕಾರಣವನ್ನು ಯಾರೂ ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಹೋದ ತಿಂಗಳ ಮೀಟಿಂಗಿನಲ್ಲಿ ಮಾಲೀಕರು ಎಲ್ಲರ ಕೆಲಸದ ಲೆಕ್ಕ ಕೇಳುತ್ತ ಬಂದು, ವೈರಣ್ಣನ ಹತ್ತಿರ ನಿಂತು, "ಇವರು ದಿನವಿಡೀ ಏನು ಮಾಡ್ತಾರ್ರೀ? ಎಲ್ಲಾ ಅದರಷ್ಟಕ್ಕೆ ಅದೇ ನಡೀತಿದೆಯಲ್ಲ!" ಎಂದರು. ಎಲ್ಲರೂ ನಕ್ಕರು. ಮ್ಯಾನೇಜರಮ್ಮನೂ ನಕ್ಕಳು. ಮಾತು ಅಷ್ಟೇನೂ ನಗು ತರುವಂಥದ್ದಲ್ಲ, ಎಲ್ಲರೂ ನಗುತ್ತಿದ್ದರು ಅಂತ ನಕ್ಕಳು. ಆಗ ವೈರಣ್ಣ ಮಾಲೀಕರನ್ನು ನೋಡುತ್ತಿರಲಿಲ್ಲ, ಅವಳನ್ನು ನೋಡುತ್ತಿದ್ದ.

ಮಾರನೆಯ ದಿನ 'ಮಾನ್ಯ ಮ್ಯಾನೇಜರ್ ಅವರಿಗೆ' ಎಂದು ಶುರುವಾಗುವ ರಾಜೀನಾಮೆ ಅವಳ ಮೇಜಿಗೆ ಬಂತು. ಮನೆಯಲ್ಲಿ ಸರಿ ಮಾಡಿಕೊಳ್ಳೋಣ ಎಂದು ಅವಳು ಅದನ್ನು ಫೈಲಿಗೆ ಸೇರಿಸಿದಳು. ಮನೆಯಲ್ಲಿ ಸರಿಯಾಗಲಿಲ್ಲ. ಅಲ್ಲಿಂದೀಚೆಗೆ ಅವನ ಮಾತು ಉಪ್ಪು ಬೇಕು, ನೀರು ಬಂತು ಎನ್ನುವಲ್ಲಿಗೆ ಮುಗಿಯುತ್ತಿತ್ತು. ನಿಜ ಹೇಳಬೇಕೆಂದರೆ ಅವಳಿಗೆ ಬೇಕಾಗಿದ್ದುದು ಮೊದಲಿನ ಹಾಗೆ ಮಾತಾಡುವ ಗಂಡ. ಅದರ ಮುಂದೆ ಪಾಸ್‌ವರ್ಡ್ ಯಾವ ಲೆಕ್ಕ?

ಊಟದ ಬಿಡುವಿಗೆ ಮನೆಗೆ ಹೋದಳು. ಬಾಗಿಲಲ್ಲೇ ಅತ್ತೆ ಹಿಡಿದು ನಿಲ್ಲಿಸಿದರು.

"ಶನಿವಾರದಿಂದ ಫ್ಯಾನು ಒರೆಸ್ತಿದಾನೆ ಕಣೇ. ಮನೇಲಿರೋದೇ ಮೂರು ಫ್ಯಾನು. ಏನಾಯ್ತು ನಿಮ್ಮಿಬ್ಬರಿಗೆ?"

ವೈರಣ್ಣ ಸ್ಟೂಲಿನ ಮೇಲೆ ನಿಂತು ಒದ್ದೆ ಬಟ್ಟೆ ಹಿಂಡುತ್ತಿದ್ದ.

"ರೀ, ಪಾಸ್‌ವರ್ಡ್ ಏನು?"

"ಗೊತ್ತಿಲ್ಲ."

"ಬದಲಾಯಿಸಿದ್ದು ನೀವೇ ಅಲ್ವಾ?"

"ನಾನೇ. ಕಾರ್ಖಾನೆ ನಿಯಮ ನಂಬರ್ ಮೂರು. ಕೆಲಸ ಬಿಡೋರು ಕೊನೇ ದಿನ ಪಾಸ್‌ವರ್ಡ್ ಬದಲಾಯಿಸಿ ಹೋಗಬೇಕು. ಹೊಸದು ಅವರಿಗೆ ಗೊತ್ತಿರಬಾರದು. ಬರೆದಿದ್ದು ನೀನು."

ಬರೆದದ್ದು ಅವಳೇ. ಇದು ಹೇಗೆ ಸಾಧ್ಯ ಎಂದು ಅವನು ಆವತ್ತೇ ಕೇಳಿದ್ದ. ಬರೆದಿರೋ ಹಾಗೆ ಮಾಡಿ ಎಂದು ಹೇಳಿದವಳೂ ಅವಳೇ.

"ಅದಕ್ಕೇ ಕಣ್ಣು ಮುಚ್ಚಿಕೊಂಡೆ. ಖಾಲಿ ಪುಟದ ಮೇಲೆ ಎರಡೂ ಕೈಯಲ್ಲಿ ಸಿಕ್ಕಿದ ಕೀ ಒತ್ತಿದೆ. ಅದನ್ನ ನಕಲು ಮಾಡಿ ಅಂಟಿಸಿದೆ. ಪುಟ ಅಳಿಸಿದೆ. ಆಮೇಲೆ ಕಣ್ಣು ಬಿಟ್ಟೆ."

ಈ ಮಾತನ್ನು ಪ್ರಪಂಚದಲ್ಲಿ ಇನ್ಯಾರೂ ನಂಬುತ್ತಿರಲಿಲ್ಲ. ಅವಳು ನಂಬಿದಳು. ಔಷಧದ ಸೀಸೆಯ ಮೇಲೆ 'ಚೆನ್ನಾಗಿ ಕುಲುಕಿ' ಎಂದಿದ್ದರೆ, ಎಷ್ಟು ಸಲ ಎಂದು ಅಂಗಡಿಗೆ ಹೋಗಿ ಕೇಳಿಕೊಂಡು ಬರುವ ಮನುಷ್ಯ ಇವನು. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಕೂಡಿಸಿಟ್ಟುಕೊಂಡಿದ್ದ ಮಾತನ್ನು ಮಾತ್ರ ಹಾಗೇ ಕಾರ್ಖಾನೆಗೆ ವಾಪಸ್ಸು ಹೊತ್ತೊಯ್ದಳು. ಅತ್ತೆ ಬಾಗಿಲಲ್ಲಿ ನಿಂತಿದ್ದರು, ಫ್ಯಾನಿನಿಂದ ಕೊಳೆನೀರು ಬೇರೆ ತೊಟ್ಟಿಕ್ಕುತ್ತಿತ್ತು. ಅಂಥ ಹೊತ್ತಿನಲ್ಲಿ ಯಾರು ತಾನೇ ಬಾಯಿ ಬಿಟ್ಟಾರು?

ಫ್ಯಾನು ಒರೆಸುವುದರಿಂದ ಹಿಡಿದು ಅವಳು ಹೇಳಿದ್ದನ್ನೆಲ್ಲ ಮಾಲೀಕರು ಕೊನೆಯವರೆಗೂ ಕೇಳಿಸಿಕೊಂಡರು.

"ಕಣ್ಣು ಮುಚ್ಚಿಕೊಂಡು."

"ಹೌದು ಸಾರ್."

"ಅಮ್ಮಾ, ನಿಮ್ಮ ಕಿವಿ ಮೇಲೆ ಹೂ ಇಟ್ಟಿದಾರೆ. ಸಹಿ ಹಾಕಿ."

"ಅವರಿಗೆ ಸುಳ್ಳು ಹೇಳೋಕೆ ಬರಲ್ಲ. ನಾನು ಸಹಿ ಹಾಕಲ್ಲ."

"ಹಾಗಾದ್ರೆ ನಾಳೆಯಿಂದ ನೀವೂ ಮನೇಲಿ ಫ್ಯಾನು ಒರೆಸಬಹುದು."

"ಒರೆಸ್ತೀನಿ ಸಾರ್," ಎಂದಳು. ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಇಷ್ಟು ವರ್ಷ ಇವರ ಮುಂದೆ ತುಟಿ ಪಿಟಿಕ್ಕೆನ್ನದವಳು, ಅವರ ಎದುರೇ ಫೋನು ತೆಗೆದು ಗಂಡನಿಗೆ ಹಚ್ಚಿದಳು.

"ರೀ, ಪಾಸ್‌ವರ್ಡ್ ಬೇಡ. ಅದಿಲ್ಲದೆ ಒಳಗೆ ಹೋಗೋದು ಹೇಗೆ?"

"ಹಾಗೆ ಕೇಳು ಮತ್ತೆ," ಎಂದ ವೈರಣ್ಣ. "ಪೆಟ್ಟಿಗೆ ಹಿಂದೆ ಸಣ್ಣ ತೂತಿದೆ. ಗುಂಡುಸೂಜಿ ಹಾಕಿ ಒತ್ತಿ ಹಿಡಿದರೆ ಎಲ್ಲಾ ಅಳಿಸಿ ಹೋಗಿ ಅಂಗಡಿಯಿಂದ ತಂದಾಗ ಇದ್ದ ಹಾಗೆ ಆಗುತ್ತೆ. ಆಮೇಲೆ ಮೊದಲಿನಿಂದ ಕೂರಿಸಬೇಕು. ನಾನು ಹೇಳ್ತಾ ಹೋಗ್ತೀನಿ."

"ನೀವೇ ಬಂದುಬಿಡಿ."

"ಹೊರಗಿನವರು ಪೆಟ್ಟಿಗೆ ಮುಟ್ಟಬಾರದು. ನಿಯಮ ನಂಬರ್ ಐದು."

ಪೆಟ್ಟಿಗೆ ಎಲ್ಲಿದೆಯೆಂದು ಕೇಳಿದಳು. ಮಾಲೀಕರ ಮೇಜಿನ ಕೆಳಗಿತ್ತು. ಚಳಿಗಾಲದಲ್ಲಿ ಅದರ ಬಿಸಿಗೆ ತಮ್ಮ ಕಾಲು ಬೆಚ್ಚಗಿರುವುದನ್ನು ಕಟ್ಟಡದ ಗುಣ ಎಂದು ಅವರು ಬಂದವರಿಗೆಲ್ಲ ಹೇಳುತ್ತಿದ್ದರು. ಈಗ ಕುರ್ಚಿ ಬಿಟ್ಟು ಎದ್ದು ನಿಲ್ಲಬೇಕಾಯಿತು. ಮ್ಯಾನೇಜರಮ್ಮ ಒಂದು ಕೈಯಲ್ಲಿ ಗುಂಡುಸೂಜಿ, ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡು ಮೇಜಿನಡಿ ತೆವಳಿದಳು.

"ತಲೆ ತಗ್ಗಿಸು, ಎಡಗಡೆ ಮೊಳೆ ಇದೆ," ಎಂದಿತು ಫೋನು.

ಮೊಳೆ ಇತ್ತು. ಅದರ ತಲೆಗೆ ಬಟ್ಟೆ ಸುತ್ತಿ ದಾರ ಕಟ್ಟಿತ್ತು.

"ಇದ್ಯಾಕ್ರೀ ಬಟ್ಟೆ?"

"ಮಾಲೀಕರ ಮೊಣಕಾಲಿಗೆ ತಾಗ್ತಿತ್ತು."

ಅವಳು ಮಂಡಿಯೂರಿ ಸುತ್ತಲೂ ನೋಡಿದಳು. ಪ್ರತಿ ತಂತಿಗೂ ಪುಟ್ಟ ಚೀಟಿಯಿತ್ತು, ಅದರ ಮೇಲೆ ಗಂಡನ ದುಂಡಗಿನ ಅಕ್ಷರ. ಸದ್ದು ಮೇಲೆ ಕೇಳಬಾರದೆಂದು ಪೆಟ್ಟಿಗೆಯ ಅಡಿಗೆ ಹಳೆಯ ಚಪ್ಪಲಿಯ ರಬ್ಬರು ಕತ್ತರಿಸಿ ಇಟ್ಟಿದ್ದ. ಗೋಡೆಯಲ್ಲಿ ನೀರು ಜಿನುಗುವ ಕಡೆ ತಗಡು ಬಾಗಿಸಿ, ಹನಿ ತಂತಿಯ ಮೇಲೆ ಬೀಳದೆ ಒಂದು ಡಬ್ಬಿಗೆ ಬೀಳುವಂತೆ ಮಾಡಿದ್ದ. ಅವನು ಹೋಗಿ ಮೂರು ದಿನವಾಗಿತ್ತು, ಡಬ್ಬಿ ತುಂಬುತ್ತ ಬಂದಿತ್ತು. ಇವರು ದಿನವಿಡೀ ಏನು ಮಾಡ್ತಾರೆ ಎಂಬುದು ಅವಳ ಕಣ್ಣೆದುರಿಗಿತ್ತು. ಅವಳಿಗೆ ನಾಚಿಕೆಯಾಯಿತು. ಅಳುವೂ ಬಂತು.

"ತೂತು ಸಿಕ್ತಾ?"

"ಸಿಕ್ತು."

"ಒತ್ತಿ ಹಿಡಿ. ಅರ್ಧ ನಿಮಿಷ. ದೀಪ ಎಲ್ಲಾ ಆರಿ ಮತ್ತೆ ಹತ್ತಿದ್ರೆ ಕೆಲಸ ಆಯ್ತು ಅಂತ. ಮಧ್ಯೆ ಬಿಟ್ಟರೆ ಮತ್ತೆ ಮೊದಲಿನಿಂದ."

ಒತ್ತಿದಳು. ಎದುರಿಗೆ ಮಾಲೀಕರ ಬೂಟುಗಳು ಕದಲದೆ ನಿಂತಿದ್ದವು.

"ರೀ."

"ಹ್ಞೂಂ."

"ಆವತ್ತು ಇವರು, ನೀವು ದಿನವಿಡೀ ಏನು ಮಾಡ್ತೀರಿ ಅಂತ ಕೇಳಿದಾಗ ನಾನು ನಕ್ಕೆ. ಎಲ್ಲರ ಜೊತೆ ಸೇರಿ ನಕ್ಕೆ. ನಗಬಾರದಿತ್ತು. ತಪ್ಪಾಯ್ತು."

ಗಟ್ಟಿಯಾಗಿಯೇ ಹೇಳಿದಳು. ಬೂಟುಗಳು ಒಂದು ಹೆಜ್ಜೆ ಹಿಂದೆ ಸರಿದವು.

"ರೀ, ಇದೀರಾ?"

"ಇದೀನಿ," ಎಂದ ವೈರಣ್ಣ. ದನಿ ಒಡೆದಿತ್ತು. ಮೂಗು ಏರಿಸಿದ ಸದ್ದು ಬಂತು. "ಕೈ ತೆಗೀಬೇಡ ಕಣೇ. ಇನ್ನೂ ಸ್ವಲ್ಪ ಹೊತ್ತು ಹಾಗೇ ಹಿಡಿದುಕೋ."

ಪೆಟ್ಟಿಗೆಯ ದೀಪಗಳೆಲ್ಲ ಒಮ್ಮೆ ಆರಿ, ಒಂದೊಂದಾಗಿ ಮತ್ತೆ ಹತ್ತಿಕೊಂಡವು. ಅವಳು ಅದನ್ನು ಅವನಿಗೆ ಹೇಳಲೂ ಇಲ್ಲ, ಕೈ ತೆಗೆಯಲೂ ಇಲ್ಲ.