ಸೊಂಟದೆತ್ತರದ ಪಾತಿ

ನನ್ನ ತಮ್ಮನ ಮಗಳು ಶಿವಕಾಂತಾ ಕಲಬುರಗಿಯ ನರ್ಸರಿಯೊಂದರಲ್ಲಿ ಆರು ವರ್ಷ ದುಡಿದವಳು. ಅದನ್ನು ಬಿಟ್ಟು ಆಳಂದಕ್ಕೆ ಬಂದು, ಮನೆಗಳ ಮುಂದೆ ತೋಟ ಮಾಡಿಕೊಡುವ ಸ್ವಂತ ಕೆಲಸ ಶುರು ಮಾಡುತ್ತೇನೆ ಎಂದಾಗ ಮನೆಯವರೆಲ್ಲ ನಕ್ಕರು.

"ನಮ್ಮೂರು ಸರಸಂಬಾದಾಗ ನಮ್ಮದೇ ಹೊಲದಾಗ ಕಸ ತೆಗಿ ಅಂದ್ರ ಒಲ್ಲೆ ಅಂದಾಕಿ, ಈಗ ಮಂದಿ ಅಂಗಳದಾಗ ಕಸ ತೆಗಿಯಾಕ ಹೊಂಟಾಳ" ಎಂದ ನನ್ನ ತಮ್ಮ.

ನಾನು ನಗಲಿಲ್ಲ. ಕಾಲೇಜಿನಲ್ಲಿ ಮೂವತ್ತು ವರ್ಷ ಸಸ್ಯಶಾಸ್ತ್ರ ಕಲಿಸಿದವಳು ನಾನು. ನನ್ನ ಪಡಸಾಲೆಯೇ ಅವಳ ಆಫೀಸಾಯಿತು, ನನ್ನ ಹಳೆಯ ಮೇಜು ಅವಳದಾಯಿತು. ಆದರೂ ಅವಳು ನರ್ಸರಿಯ ಮಾಲೀಕರಿಗೆ ಒಂದು ಮಾತು ಹೇಳಿ ಬಂದಿದ್ದಳು. ದೀಪಾವಳಿವರೆಗೆ ಅವಳ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳಬಾರದು. ಅಷ್ಟರೊಳಗೆ ಇಲ್ಲಿ ಕೆಲಸ ಕೈಹತ್ತದಿದ್ದರೆ ಅವಳು ಹಿಂತಿರುಗುತ್ತಾಳೆ.

ಮೊದಲು ಸಿಕ್ಕಿದ್ದು ಬೇಳೆ ಮಿಲ್ಲಿನ ದೌಲತರಾಯರ ಹೊಸ ಮನೆ.

"ಗೇಟಿನಾಗ ಕಾಲಿಟ್ರ ಬರೇ ಹೂವ ಕಾಣಬೇಕ್ರಿ" ಎಂದರು ಅವರು. "ಶ್ರಾವಣದ ಕಡೀ ಸೋಮವಾರ ಅಫಜಲಪುರದಿಂದ ನಮ್ಮ ಭಾವ ಶಾಂತಕುಮಾರ ಬರ್ತಾರ. ಅವರ ಕಲ್ಯಾಣ ಮಂಟಪದ ಮುಂದ ಎರಡು ಎಕರೆ ಖಾಲಿ ಬಿದ್ದದ. ಇದು ಅವರ ಮನಸಿಗೆ ಬಂತಂದ್ರ ಆ ಕೆಲಸಾನೂ ನಿಮಗೇ."

ಯಾವ ಹೂ ಬೇಕೆಂದು ಶಿವಕಾಂತಾ ಕೇಳಿದಳು. ಅವರು ಕೆಂಪು ದಾಸವಾಳ, ಕಣಗಿಲೆ, ನಂದಿಬಟ್ಟಲು, ದುಂಡುಮಲ್ಲಿಗೆ ಎಂದು ಹೇಳುತ್ತ ಹೋದರು, ಅವಳು ಬರೆದುಕೊಂಡಳು. ನಮ್ಮ ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಅದನ್ನು ಎರಡಡಿ ಅಗೆಸಿ ತೆಗೆದು, ತಳಕ್ಕೆ ನೀರು ಬಸಿಯುವ ಗರಸು ಹಾಕಿ, ಮೇಲೆ ಕೆಂಪು ಮಣ್ಣು ಮತ್ತು ಗೊಬ್ಬರ ತುಂಬಿಸಿದಳು. ಯುಗಾದಿಯ ಹೊತ್ತಿಗೆ ಗಿಡಗಳು ನೆಲ ಸೇರಿದವು. ನೀರು ಹಾಯಿಸಲು ಹಸನಸಾಬನನ್ನು ಇಟ್ಟಳು. ಅರವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಬೇಸಿಗೆಯಲ್ಲಿ ಅವನು ಗಿಡಗಳ ಜೊತೆಗೆ ದಾರಿಯ ನಾಯಿಗಳಿಗೂ ಒಂದು ಒಡೆದ ಬೋಗುಣಿಯಲ್ಲಿ ನೀರಿಡುವುದನ್ನು ನೋಡಿದ್ದೆ.

ಶ್ರಾವಣ ಬಂತು. ಗಿಡಗಳು ಆಳೆತ್ತರ ಬೆಳೆದು ನಳನಳಿಸುತ್ತಿದ್ದವು. ಹೂವು ಮಾತ್ರ ಇಲ್ಲ.

"ಶಿವಕಾಂತಾಬಾಯಿ, ಇದು ತೋಟ ಅದನೋ ಪಾಲಕದ ಹೊಲ ಅದನೋ?" ಎಂದು ದೌಲತರಾಯರು ಫೋನು ಮಾಡಿದರು. "ದಿನಾ ಒಂಬತ್ತಕ್ಕ ಎದ್ದು ಬಂದು ನೋಡ್ತೇನಿ. ಬರೇ ಹಸರು. ಭಾವಗ ಏನು, ಪಲ್ಯಾ ಕೊಯ್ಕೊಂಡು ಹೋಗ್ರಿ ಅಂತ ಹೇಳ್ಲಿ?"

ಅವಳು ಬೇವಿನ ಹಿಂಡಿ ಹಾಕಿದಳು, ನೀರು ಕಡಿಮೆ ಮಾಡಿಸಿದಳು. ಊಟದ ತಾಟಿನ ಮುಂದೆ ಕೂತು ಅನ್ನ ಕಲಸುತ್ತಲೇ ಇರುತ್ತಿದ್ದಳು. ಕಡೆಗೆ ಒಂದು ದಿನ, "ಅತ್ತಿ, ನೀವರ ಬಂದು ನೋಡ್ರಿ" ಎಂದು ಕರೆದುಕೊಂಡು ಹೋದಳು.

ಕನ್ನಡಕ ಹಾಕಿಕೊಂಡು ಟೊಂಗೆಗಳ ತುದಿ ನೋಡಿದೆ. ಹುಳ ತಿಂದಿದ್ದರೆ ಅಂಚು ಸವೆದಿರುತ್ತದೆ, ಆಡು ತಿಂದಿದ್ದರೆ ಎಲೆಯೂ ಹರಿದಿರುತ್ತದೆ. ಇಲ್ಲಿ ಎಲೆಗಳಿಗೆ ಏನೂ ಆಗಿರಲಿಲ್ಲ. ಹೂವಿನ ತೊಟ್ಟುಗಳನ್ನು ಮಾತ್ರ ಯಾರೋ ಉಗುರಿನಿಂದ ನೀಟಾಗಿ ಚಿವುಟಿದ್ದರು.

"ಗಿಡ ಹೂವ ಬಿಡಾಕತ್ತದ ಶಿವಾ" ಎಂದೆ. "ನಿಮ್ಮ ರಾಯರು ಏಳೋದರೊಳಗ ಯಾರೋ ಹರಕೊಂಡು ಹೋಗಾಕತ್ತಾರ."

ಮರುದಿನ ಬೆಳಗಿನ ಐದೂವರೆಗೆ ನಾವಿಬ್ಬರೂ ಆ ಗೇಟಿನ ಬಳಿ ನಿಂತಿದ್ದೆವು. ಒಳಗೆ ದೌಲತರಾಯರ ತಾಯಿ ಗುರಬಸಮ್ಮ, ಎಂಬತ್ತರ ಮೇಲಿನ ಜೀವ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದರು. ತೊಡೆಯ ಮೇಲೆ ಬಿದಿರಿನ ಪುಟ್ಟಿ. ಹಸನಸಾಬ ದಾಸವಾಳದ ಟೊಂಗೆಗಳನ್ನು ಒಂದೊಂದಾಗಿ ಬಗ್ಗಿಸಿ ಅವರ ಕೈಗೆ ಎಟಕುವಂತೆ ಹಿಡಿಯುತ್ತಿದ್ದ. ಒಂದು ಗಿಡ ಮುಗಿದ ಮೇಲೆ ಅವರನ್ನು ರಟ್ಟೆ ಹಿಡಿದು ಎಬ್ಬಿಸಿ, ಕುರ್ಚಿಯನ್ನು ಮುಂದಿನ ಗಿಡದ ಬಳಿ ಇಟ್ಟು, ಮತ್ತೆ ಕೂರಿಸುತ್ತಿದ್ದ. ಹಿತ್ತಲ ಬಾಗಿಲಲ್ಲಿ ನೆರೆಮನೆಯ ಇಬ್ಬರು ಹೆಂಗಸರು ತಮ್ಮ ಪಾಲಿಗಾಗಿ ಬಟ್ಟಲು ಹಿಡಿದು ಕಾಯುತ್ತಿದ್ದರು.

ಶಿವಕಾಂತಾ ಗೇಟು ತೆಗೆದು ಒಳಗೆ ಹೋದಳು.

"ಹಸನಸಾಬ, ಹದಿನೈದು ದಿನ ಆತು ನಾ ತಲಿ ಕೆಡಿಸಿಕೊಂಡು. ನನಗ ಒಂದು ಮಾತು ಹೇಳಬಾರದಿತ್ತೇನು?"

"ಆಯಿ ಆಣಿ ಹಾಕ್ಯಾರ್ರಿ ಬಾಯಿ" ಎಂದು ಅವನು ತಲೆ ತಗ್ಗಿಸಿದ. ಆದರೆ ಬಗ್ಗಿಸಿದ ಟೊಂಗೆಯನ್ನು ಬಿಡಲಿಲ್ಲ.

"ಅವನಿಗ್ಯಾಕ ಬೈತಿಬೇ?" ಎಂದರು ಗುರಬಸಮ್ಮ. "ತೋಟದಾಕಿ ನೀನೇ ಏನು? ಹೂವ ಭಾಳ ಛಂದ ಬೆಳಸೀದಿ. ಹಳೀ ಮನ್ಯಾಗ ಅಂಗಳದಾಗೇ ಕಣಗಿಲಿ ಇತ್ತು. ಇಲ್ಲಿ ಬಂದ ಮ್ಯಾಲ ನಮ್ಮ ಹುಡುಗ, ಮುಟ್ಟಬ್ಯಾಡ ಅವ್ವಾ, ಅವು ನೋಡಾಕ ಅವ, ನಿನಗ ಪ್ಯಾಟಿಯಿಂದ ತರಸ್ತೇನಿ ಅಂದ. ಪ್ಯಾಟಿ ಹೂವ ಎಷ್ಟು ಮಂದಿ ಕೈ ದಾಟಿ ಬಂದಿರ್ತಾವೋ ಏನೋ. ಗಿಡದಿಂದ ನನ್ನ ಕೈಗೆ ಬರಬೇಕು, ನನ್ನ ಕೈಯಿಂದ ಲಿಂಗಕ್ಕ ಏರಬೇಕು. ಬರೇ ನೋಡಾಕ ಯಾರರ ಹೂವ ಬೆಳಸ್ತಾರೇನು?"

ಅವರು ನಮಗೂ ಎರಡೆರಡು ನಂದಿಬಟ್ಟಲು ಕೊಟ್ಟರು. ನಾವು ತೆಗೆದುಕೊಂಡೆವು.

ದಾರಿಯಲ್ಲಿ ನಾನೇ ಮಾತು ತೆಗೆದೆ. "ರಾಯರಿಗೆ ಖರೇ ಹೇಳಿಬಿಡು. ನಿಂದೇನೂ ತಪ್ಪಿಲ್ಲ ಅಂತ ಗೊತ್ತಾಗ್ತದ."

"ಹೇಳಿದ್ರ ನನಗ ಕೆಲಸ ಸಿಗ್ತದ" ಎಂದಳು. ಸ್ವಲ್ಪ ದೂರ ನಡೆದ ಮೇಲೆ, "ಆ ಮುದುಕಿ ನಾಳಿಯಿಂದ ಕಿಟಕ್ಯಾಗ ಕೂತು ನೋಡಬೇಕಾಗ್ತದ. ಹಸನಸಾಬಂದು ಕೆಲಸ ಹೋಗ್ತದ. ಮತ್ತ ಖರೇ ಅಂದ್ರ ತಪ್ಪು ನಂದೇ ಅದ ಅತ್ತಿ. ಅವರು ಹೇಳಿದ್ದು ಎಲ್ಲಾ ಪೂಜಿ ಹೂವೇ. ನಮ್ಮ ಕಡಿ ಹೂವ ಅಂದ್ರ ಅವೇ ನೆನಪಾಗೋದು, ನಾನೂ ಹಂಗೇ ಬರಕೊಂಡೆ. ಮನ್ಯಾಗ ಪೂಜಿ ಯಾರು ಮಾಡ್ತಾರ ಅಂತ ಕೇಳಲೇ ಇಲ್ಲ" ಎಂದಳು.

ಅಂದೇ ಮಿಲ್ಲಿಗೆ ಹೋಗಿ, ಗಿಡ ಹಚ್ಚುವುದರಲ್ಲಿ ತನ್ನದೇ ತಪ್ಪಾಗಿದೆ, ಹನ್ನೆರಡು ದಿನ ಕೊಡಿ, ತನ್ನ ಖರ್ಚಿನಲ್ಲೇ ಬದಲಾಯಿಸುತ್ತೇನೆ ಎಂದಳು.

"ಇಷ್ಟು ದಿನ ಕೆಲಸ ಕಲಿಯಾಕತ್ತಿದ್ರೇನು ನಮ್ಮ ಮನಿ ಮುಂದ?" ಎಂದರು ದೌಲತರಾಯರು. ಅವಳು ಆ ಮಾತನ್ನೂ ಹನ್ನೆರಡು ದಿನವನ್ನೂ ತೆಗೆದುಕೊಂಡು ಬಂದಳು.

ಮನೆಯ ಮೂಡಣ ಬದಿಗೆ, ಗುರಬಸಮ್ಮನ ಕೋಣೆಯ ಬಾಗಿಲ ಎದುರಿಗೆ, ಶಹಾಬಾದ ಕಲ್ಲಿನಿಂದ ಸೊಂಟದೆತ್ತರದ ಪಾತಿ ಕಟ್ಟಿಸಿದಳು. ಕೈಯೂರಿ ನಿಲ್ಲಲು ಅದರ ಅಂಚಿನುದ್ದಕ್ಕೂ ಅಗಲವಾದ ನಯವಾದ ಕಲ್ಲು. ಮಳೆ ಹಿಡಿದ ದಿನ ನೋಡಿ ದಾಸವಾಳ, ಕಣಗಿಲೆ ಎಲ್ಲವನ್ನೂ ಬೇರಿನ ಮಣ್ಣು ಉದುರದಂತೆ ಗೋಣಿಯಲ್ಲಿ ಕಟ್ಟಿ ಅಲ್ಲಿಗೆ ಸಾಗಿಸಿ, ಮೇಲಿನ ಟೊಂಗೆಗಳನ್ನು ಸವರಿಸಿದಳು. ಗೇಟಿನ ಮುಂದೆ ಆಗಲೇ ಅರಳಿ ನಿಂತ ಬೋಗನ್‌ವಿಲಿಯಾ, ಅಂದರೆ ಕಾಗದದ ಹೂವಿನ ಗಿಡ, ಜೊತೆಗೆ ಬಣ್ಣದ ಎಲೆಯ ಕ್ರೋಟನ್. ಕಾಗದದ ಹೂವನ್ನು ನಮ್ಮಲ್ಲಿ ಯಾರೂ ಲಿಂಗಕ್ಕೆ ಏರಿಸುವುದಿಲ್ಲ, ಹಾಗಾಗಿ ಯಾರೂ ಹರಿಯುವುದಿಲ್ಲ.

"ಈ ಕಟ್ಟಿ ಯಾಕ?" ಎಂದು ದೌಲತರಾಯರು ಕೇಳಿದಾಗ, "ಮುಂದಿನವು ನೋಡಾಕ್ರಿ, ಇವು ಹರಿಯಾಕ" ಎಂದಳು ಅಷ್ಟೇ.

ಕಡೆಯ ಸೋಮವಾರ ನನ್ನನ್ನೂ ಪ್ರಸಾದಕ್ಕೆ ಕರೆದಿದ್ದರು. ಸ್ಥಳ ಬದಲಾದ ದಾಸವಾಳಗಳು ಅರ್ಧ ಎಲೆ ಉದುರಿಸಿ ನಿಂತಿದ್ದವು. ಅವುಗಳನ್ನು ನೋಡಿ ಶಿವಕಾಂತಾ ನನ್ನ ಕೈ ಹಿಡಿದುಕೊಂಡಳು. ಶಾಂತಕುಮಾರ ಬೆಳಗಿನ ಏಳಕ್ಕೇ ಬಂದರು. ಗೇಟಿನ ಮುಂದಿನ ಕಾಗದದ ಹೂ ನೋಡಿ, "ಛಂದ ಅದ" ಎಂದು ನಡೆಯುತ್ತಲೇ ಹೇಳಿ ಮುಂದೆ ಹೋದರು.

ಅವರು ಕೈಕಾಲು ತೊಳೆಯಲು ಬದಿಯ ನಲ್ಲಿಗೆ ಹೋದರು. ಅಲ್ಲಿ ಗುರಬಸಮ್ಮ ಒಂದು ಕೈ ಕಲ್ಲಿನ ಮೇಲಿಟ್ಟು, ಬೆನ್ನು ಬಾಗಿಸದೆ, ಒಬ್ಬರೇ ನಿಂತು ಕಣಗಿಲೆ ಬಿಡಿಸುತ್ತಿದ್ದರು. ಹಸನಸಾಬ ಅಷ್ಟು ದೂರದಲ್ಲಿ ಕುರ್ಚಿ ಹಿಡಿದು ನಿಂತಿದ್ದ, ಬೇಕಾದೀತೆಂದು.

ಹಿಂದಿನಿಂದ ಬಂದ ದೌಲತರಾಯರು ತಾಯಿಯ ಪುಟ್ಟಿಯನ್ನು ನೋಡಿದರು. ಬಳಿಕ ಮುಂದಿನ ಅಂಗಳದ ಕಡೆಗೊಮ್ಮೆ, ಶಿವಕಾಂತಾಳ ಕಡೆಗೊಮ್ಮೆ ನೋಡಿದರು. ಅವರಿಗೆ ಎಲ್ಲ ತಿಳಿಯಿತೆಂದು ನನಗನಿಸಿತು.

"ಅವ್ವಾ, ಆ ಮ್ಯಾಲಿನ ಟೊಂಗಿ ನಾ ಬಗ್ಗಿಸಿ ಹಿಡಿತೇನಿ, ತಡಿ" ಎಂದರು.

ಶಾಂತಕುಮಾರ ಒದ್ದೆ ಕೈಯಲ್ಲೇ ಕಲ್ಲಿನ ಎತ್ತರವನ್ನು ತಮ್ಮ ಸೊಂಟಕ್ಕೆ ಅಳೆದು ನೋಡುತ್ತಿದ್ದರು. "ಇದನ್ನ ಕಟ್ಟಿದಾಕಿ ನೀವೇನಮ್ಮಾ? ನಮ್ಮವ್ವಗ ಮೊಣಕಾಲು ಬ್ಯಾನಿ. ಹೂವಿಗೆ ಬಗ್ಗಾಕ ಆಗಂಗಿಲ್ಲ, ಬ್ಯಾರೆಯವರು ಹರದು ಕೊಟ್ರ ಒಲ್ಲೆ ಅಂತಾಳ. ಮೊದಲು ಇಂಥಾದೊಂದು ನಮ್ಮ ಮನ್ಯಾಗ ಮಾಡ್ರಿ. ಮಂಟಪದ್ದು ಆಮ್ಯಾಲ ನೋಡೋಣು."

ಎರಡು ಎಕರೆ ಅಲ್ಲ, ಒಂದು ಪಾತಿ. ಅಂದು ಮಧ್ಯಾಹ್ನ ಅವಳು ನರ್ಸರಿಗೆ ಫೋನು ಮಾಡಿ, ತನ್ನ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳಿ ಎಂದಳು.

ಮುಂದಿನ ವಾರ ಅಫಜಲಪುರಕ್ಕೆ ಹೋದೆವು. ಶಾಂತಕುಮಾರ ಅಂಗಳದಲ್ಲಿ ನಿಂತು ಎಲ್ಲಿ ಏನು ಬರಬೇಕೆಂದು ಕೈ ಮಾಡಿ ತೋರಿಸತೊಡಗಿದರು. ಶಿವಕಾಂತಾ ಪುಸ್ತಕವನ್ನು ಚೀಲದಿಂದ ತೆಗೆಯಲಿಲ್ಲ.

"ಅದನ್ನ ಆಮ್ಯಾಲ ಬರಕೋತೇನ್ರಿ" ಎಂದಳು. "ಮೊದಲು ನಿಮ್ಮ ಅವ್ವಾರ್ನ ಕರೀರಿ. ಅವರ ಕೈ ಎಲ್ಲಿತನಕಾ ಮುಟ್ಟತದ ನೋಡಬೇಕು."